ಅಮಾನತು, ಉಚ್ಚಾಟನೆ, ಹೊರಗಿಡು: ವಿದ್ಯಾರ್ಥಿಗೆ ಯಾವ ಪದ?

ಗೆಳೆಯರೇ,

ಮೂರು ಪದಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಸಸ್ಪೆಂಡ್, ರಸ್ಟಿಕೇಟ್ (ಗೊತ್ತಾದ ಅವಧಿಗೆ ಕಾಲೇಜಿನಿಂದ ಕಳಿಸುವುದು), ಎಕ್ಸ್‌ಪೆಲ್ (ಪೂರ್ತಿ ಕಳಿಸುವುದು). ತುಮಕೂರಿನ ಒಂದು ಕಾಲೇಜಿನವರು ತಮ್ಮ ವಿದ್ಯಾರ್ಥಿ ಕೈಪಿಡಿಯನ್ನು ಕನ್ನಡ ಮಾಡಿಕೊಡಿ ಎಂದು ಕೊಟ್ಟಿದ್ದಾರೆ. ಹಕ್ಕುಗಳ ಅಧ್ಯಾಯ ಎರಡೇ ದಿನಕ್ಕೆ ಮುಗಿಯಿತು. ಶಿಸ್ತುಕ್ರಮದ ಅಧ್ಯಾಯಕ್ಕೆ ಬಂದು ಹದಿನೈದು ದಿನದಿಂದ ಅಲ್ಲೇ ಕೂತಿದ್ದೇನೆ.

(ಶಿಸ್ತು ಅನ್ನೋ ಪದವೇ ಸುಮ್ನೆ ಇಲ್ಲ. ಕೆಳದಿಯ ಶಿವಪ್ಪ ನಾಯಕನ ಕಂದಾಯದ ಏರ್ಪಾಟಿಗೂ ಶಿಸ್ತು ಎಂದೇ ಹೆಸರು. ಭೂಮಿಗೆ ಇಷ್ಟು ಎಂದು ಗೊತ್ತು ಮಾಡಿದ ಲೆಕ್ಕ ಕಾಲೇಜಿನ ಹುಡುಗರ ತಲೆ ಮೇಲೆ ಹೇಗೆ ಬಂದು ಕೂತಿತೋ, ಅದನ್ನು ಇನ್ನೊಂದು ದಿನ ನೋಡೋಣ.)

ಹಳೆಯ ಕನ್ನಡ ಕೈಪಿಡಿಯಲ್ಲಿ ಮೂರಕ್ಕೂ 'ಅಮಾನತು' ಎಂದೇ ಹಾಕಿದ್ದಾರೆ. ನಾನೂ ಹಾಗೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮೊನ್ನೆ ಕಾಲೇಜಿನ ಆಫೀಸಿನಲ್ಲಿ ಕೂತಿದ್ದಾಗ ಪಾವಗಡ ಕಡೆಯ ಒಬ್ಬ ಯಜಮಾನರು ಬಂದರು. ಮಗ ಹಾಸ್ಟೆಲ್ ಗಲಾಟೆಯಲ್ಲಿ ಸಿಕ್ಕಿಬಿದ್ದಿದ್ದ. ಎರಡು ಸೆಮಿಸ್ಟರ್ 'ಅಮಾನತಿನಲ್ಲಿ ಇಡಲಾಗಿದೆ' ಎಂದು ಮನೆಗೆ ಪತ್ರ ಹೋಗಿತ್ತು. ಅವರು ಪತ್ರವನ್ನು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟು ಕೇಳಿದರು: "ಅಮಾನತಲ್ಲಿ ಇಟ್ಟಿದೀರ ಅಂದ್ರೆ ಇನ್ನೂ ತೀರ್ಮಾನ ಆಗಿಲ್ಲ, ಅಲ್ವಾ ಸಾರ್? ವಿಚಾರಣೆ ಯಾವತ್ತು?"

ವಿಚಾರಣೆ ಆಗಲೇ ಮುಗಿದಿತ್ತು. ಪತ್ರದಲ್ಲಿ ಇದ್ದದ್ದೇ ತೀರ್ಪು. ಗುಮಾಸ್ತರು ಇದನ್ನು ಹೇಳುವುದಕ್ಕೆ ಒದ್ದಾಡಿದರು. ಆಮೇಲೆ ಗೊತ್ತಾಯಿತು, ಆ ಯಜಮಾನರು ಊರಿನ ಸಹಕಾರ ಸೊಸೈಟಿಯಲ್ಲಿ ಲೆಕ್ಕ ಬರೆದವರು. ಲೆಕ್ಕದಲ್ಲಿ ಅಮಾನತು ಖಾತೆ ಅಂದರೆ ಏನು? ಯಾವ ಬಾಬ್ತಿಗೆ ಸೇರಬೇಕು ಎಂದು ತೀರ್ಮಾನ ಆಗುವ ತನಕ ದುಡ್ಡನ್ನು ಸದ್ಯಕ್ಕೆ ಇಡುವ ಜಾಗ. ಅಂದರೆ ಪತ್ರ ಬರೆದವರಿಗಿಂತ ಓದಿದವರಿಗೇ ಪದ ಸರಿಯಾಗಿ ಗೊತ್ತಿತ್ತು!

ಅಮಾನತು ಅರಬ್ಬಿಯಿಂದ ಬಂದದ್ದು. ನಂಬಿ ಒಪ್ಪಿಸಿದ್ದು, ಕಾಪಾಡಲು ಇಟ್ಟದ್ದು ಎನ್ನುವುದು ಅದರ ಮೂಲ ಅರ್ಥ. ಠೇವಣಿ ಎಂಬ ಅರ್ಥ ಕನ್ನಡದಲ್ಲಿ ಈಗಲೂ ಇದೆ. ಕೋರ್ಟಿನ ಅಮೀನ ಇದೇ ಮನೆತನದವನು. ನಮ್ಮ ತುಮಕೂರಿನ ಅಮಾನಿಕೆರೆಯೂ ಅಷ್ಟೇ. ಗುತ್ತಿಗೆಗೆ ಕೊಡದೆ ಸರ್ಕಾರವೇ ಕೈಯಲ್ಲಿಟ್ಟುಕೊಂಡು ನೋಡಿಕೊಂಡರೆ ಅದು ಅಮಾನಿ. ಕೋಲಾರದಲ್ಲೂ ಒಂದು ಅಮಾನಿಕೆರೆ ಇದೆ. ಕ್ಲಾಸಿಂದ ಹೊರಬಿದ್ದ ಹುಡುಗರು ಸಂಜೆ ಅಮಾನಿಕೆರೆ ಪಾರ್ಕಿನಲ್ಲಿ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಈ ನೆಂಟಸ್ತನ ನೆನಪಾಗಿ ನಗು ಬರುತ್ತದೆ.

ನಗು ಹಾಗಿರಲಿ, ತೊಡಕು ನಿಜವಾದದ್ದು. ಸರ್ಕಾರಿ ನೌಕರನನ್ನು ಅಮಾನತು ಮಾಡಿದರೆ ಅದು ಶಿಕ್ಷೆ ಅಲ್ಲ. ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಡುವುದು ಅಷ್ಟೇ. ಜೀವನಾಧಾರ ಭತ್ಯೆಯೂ ಸಿಗುತ್ತದೆ. ಆದರೆ ವಿದ್ಯಾರ್ಥಿಗಳ ವಿಷಯದಲ್ಲಿ ಸಸ್ಪೆಂಡ್ ಎರಡೂ ಆಗುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ರ‍್ಯಾಗಿಂಗ್ ತಡೆ ನಿಯಮಗಳನ್ನು ನೋಡಿ. ತರಗತಿಯಿಂದ ಸಸ್ಪೆಂಡ್ ಮಾಡುವುದು ಅಲ್ಲಿ ಶಿಕ್ಷೆಗಳ ಪಟ್ಟಿಯಲ್ಲೇ ಇದೆ. ಸ್ಕಾಲರ್‌ಶಿಪ್ ತಡೆಯುವುದು, ಫಲಿತಾಂಶ ತಡೆಯುವುದು, ಹಾಸ್ಟೆಲಿನಿಂದ ಕಳಿಸುವುದು ಎಲ್ಲ ಅದರ ಜೊತೆಗೇ ಬರುತ್ತವೆ. ಅದೇ ಪಟ್ಟಿಯಲ್ಲಿ 1ರಿಂದ 4 ಸೆಮಿಸ್ಟರ್‌ವರೆಗೆ ರಸ್ಟಿಕೇಟ್ ಮಾಡುವುದು ಬೇರೆ. ಎಕ್ಸ್‌ಪೆಲ್ ಮಾಡಿ, ಗೊತ್ತಾದ ಅವಧಿಗೆ ಬೇರೆ ಕಾಲೇಜಿಗೂ ಸೇರದಂತೆ ತಡೆಯುವುದು ಇನ್ನೂ ಬೇರೆ. ಮೂರಕ್ಕೂ ಒಂದೇ ಪದ ಹಾಕಿದರೆ, ತನಗೆ ಏನಾಗಿದೆ ಎಂದು ತಿಳಿಯುವ ಹಕ್ಕೇ ಹುಡುಗನಿಗೆ ತಪ್ಪಿದ ಹಾಗೆ. ಯಾವುದರ ಮೇಲೆ ಮೇಲ್ಮನವಿ ಹಾಕಬೇಕು ಎಂದು ಅವನು ಹೇಗೆ ತಿಳಿಯಬೇಕು?

ರಸ್ಟಿಕೇಟ್ ಪದದ ಹಿಂದೆ ಒಂದು ತಮಾಷೆ ಇದೆ. ಲ್ಯಾಟಿನ್‌ನಲ್ಲಿ ಅದರ ಬೇರಿಗೆ ಹಳ್ಳಿಗಾಡು ಎಂದು ಅರ್ಥ. ಆಕ್ಸ್‌ಫರ್ಡ್, ಕೇಂಬ್ರಿಜ್‌ನವರು ತಪ್ಪು ಮಾಡಿದ ಹುಡುಗನನ್ನು ಕೆಲವು ಕಾಲ 'ಹಳ್ಳಿಗೆ' ಕಳಿಸುತ್ತಿದ್ದರು. ಕವಿ ಮಿಲ್ಟನ್‌ನನ್ನೂ 1626ರಲ್ಲಿ ಕೇಂಬ್ರಿಜ್‌ನಿಂದ ಹೀಗೆ ಕಳಿಸಿದ್ದರು ಎನ್ನುತ್ತಾರೆ. ಅವನ ಮನೆ ಇದ್ದದ್ದು ಲಂಡನ್ನಿನಲ್ಲಿ! ಹಳ್ಳಿಗೆ ಕಳಿಸಿದರೆ ಅವನು ಹೋದದ್ದು ರಾಜಧಾನಿಗೆ. ಮರಳಿ ಬಂದು 1629ರಲ್ಲಿ ಪದವಿಯನ್ನೂ ಪಡೆದ. ಕವಿ ಶೆಲ್ಲಿಯ ಕಥೆ ಬೇರೆ. 1811ರಲ್ಲಿ ಆಕ್ಸ್‌ಫರ್ಡ್ ಅವನನ್ನು ಎಕ್ಸ್‌ಪೆಲ್ ಮಾಡಿತು. ಅವನು ಮತ್ತೆ ಅಲ್ಲಿ ಓದಲಿಲ್ಲ. ಎರಡು ಪದಗಳ ವ್ಯತ್ಯಾಸಕ್ಕೆ ಈ ಇಬ್ಬರು ಸಾಕು.

ನಮ್ಮ ಹಾಸ್ಟೆಲ್ ಹುಡುಗರ ಬಾಯಲ್ಲಿ ಇದಕ್ಕೆ 'ಊರಿಗೆ ಕಳಿಸಿದ್ರು' ಅನ್ನುವ ಮಾತಿದೆ. ಲ್ಯಾಟಿನ್ ಗೊತ್ತಿಲ್ಲದೆಯೇ ಅವರು ಸರಿಯಾಗಿ ಹೇಳುತ್ತಿದ್ದಾರೆ. ಇಂಗ್ಲಿಷಿಗಿಂತ ಚೆನ್ನಾಗೂ ಹೇಳುತ್ತಿದ್ದಾರೆ. ಊರು ಅಂದರೆ ಹಳ್ಳಿಯೂ ಹೌದು, ಮನೆ ಇರುವ ಜಾಗವೂ ಹೌದು. ಮಿಲ್ಟನ್‌ಗೂ ಹೊಂದುತ್ತದೆ, ಮಧುಗಿರಿಯ ಹುಡುಗನಿಗೂ ಹೊಂದುತ್ತದೆ. ಆದರೆ ಕೈಪಿಡಿಯಲ್ಲಿ 'ಊರಿಗೆ ಕಳಿಸಲಾಗುವುದು' ಎಂದು ಬರೆದರೆ ದಸರಾ ರಜೆ ಎಂದುಕೊಂಡಾರು.

ಎಕ್ಸ್‌ಪೆಲ್‌ಗೆ ಪತ್ರಿಕೆಗಳು 'ಉಚ್ಚಾಟನೆ' ಬರೆಯುತ್ತವೆ. ನನಗೆ ಅದು ಒಗ್ಗುವುದಿಲ್ಲ. ಉಚ್ಚಾಟನೆ ಮಾಡುವುದು ದೆವ್ವವನ್ನು. ಆಮೇಲೆ ರಾಜಕೀಯ ಪಕ್ಷಗಳು ಅದನ್ನು ಎತ್ತಿಕೊಂಡವು. 'ವಜಾ' ನೌಕರನಿಗೆ ಮತ್ತು ಅರ್ಜಿಗೆ. 'ಗಡಿಪಾರು' ರೌಡಿಗೆ. ಹತ್ತೊಂಬತ್ತು ವರ್ಷದ ಹುಡುಗಿ ಇದ್ಯಾವುದೂ ಅಲ್ಲ, ಅಲ್ವಾ?

ಅದಕ್ಕೇ ನಾನು ಮೂರು ಕನ್ನಡ ಮಾತು ಜೋಡಿಸಿಕೊಂಡೆ. ವಿಚಾರಣೆ ನಡೆಯುವಾಗ 'ತಡೆದಿಡು'. ಅವಧಿ ಹೇಳಿ ಕಳಿಸಿದರೆ 'ಹೊರಗಿಡು'. ಪೂರ್ತಿ ಕಳಿಸಿದರೆ 'ಹೊರಹಾಕು'. ಇಡುವುದಕ್ಕೂ ಹಾಕುವುದಕ್ಕೂ ಇರುವ ವ್ಯತ್ಯಾಸ ನೋಡಿ. ಇಟ್ಟದ್ದನ್ನು ಮತ್ತೆ ಒಳಗೆ ತರಬಹುದು. ಹಾಕಿದ್ದನ್ನು ಯಾರೂ ತರುವುದಿಲ್ಲ. ಬಹಳ ಖುಷಿಯಾಗಿ ಶಿರಾ ಕಡೆಯ ನಮ್ಮ ಮೇಡಮ್ ಒಬ್ಬರಿಗೆ ತೋರಿಸಿದೆ. ಅವರು ಓದಿ ಸುಮ್ಮನಾದರು. ಆಮೇಲೆ ಹೇಳಿದರು: "ಸಾರ್, 'ಹೊರಗಿಡೋದು' ಅನ್ನೋ ಮಾತಿಗೆ ನಮ್ಮ ಕಡೆ ಬೇರೆ ಅರ್ಥ ಇದೆ. ಹಟ್ಟಿಯಲ್ಲಿ ತಿಂಗಳ ಮುಟ್ಟಿಗೆ ಹೆಣ್ಣುಮಕ್ಕಳನ್ನ ಹೊರಗಿಡ್ತಾರೆ. ಬಾಣಂತಿನೂ ಇಡ್ತಾರೆ. ಕೇರಿಯವರನ್ನ ಊರಿಂದ ಹೊರಗಿಟ್ಟದ್ದೂ ಇದೇ ಪದವೇ. ಆ ಮನೆಗಳಿಂದ ಓದೋಕೆ ಬಂದ ಮಗುವಿಗೆ ನೀವು ಈ ಪತ್ರ ಕಳಿಸ್ತೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡು, ಹಾಕು ಎಂದು ವ್ಯಾಕರಣದ ಲೆಕ್ಕ ಹಾಕುತ್ತಿದ್ದವನಿಗೆ ಅದು ಹೊಳೆದೇ ಇರಲಿಲ್ಲ.

ಉಳಿದ ಪದಗಳಲ್ಲಿ ಅಷ್ಟು ಕಷ್ಟ ಇಲ್ಲ. ಡಿಬಾರ್ ಅನ್ನು ಡಿಬಾರ್ ಎಂದೇ ಬಿಡುತ್ತೇನೆ, ಎಸ್ಸೆಸ್ಸೆಲ್ಸಿ ಓದಿದ ಯಾರಿಗೂ ಅದು ಗೊತ್ತು. ಶೋಕಾಸ್‌ಗೆ 'ಕಾರಣ ಕೇಳಿ ನೋಟಿಸ್' ಚೆನ್ನಾಗಿದೆ. ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿ ಮತ್ತು ಪೋಷಕರು ಬರೆದುಕೊಡುವುದಕ್ಕೆ 'ಮುಚ್ಚಳಿಕೆ' ಸರಿಯಾದ ಪದವೇ, ಆದರೆ ಸ್ವಲ್ಪ ಪೊಲೀಸ್ ಠಾಣೆಯ ವಾಸನೆ. 'ಒಪ್ಪಿಗೆ ಪತ್ರ' ಅಂದರೆ ತೀರಾ ಸಪ್ಪೆ. ಯುಜಿಸಿಯ 2023ರ ಕುಂದುಕೊರತೆ ನಿಯಮಗಳಲ್ಲಿ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್‌ಗೆ 'ಲೋಕಪಾಲ' ಹಾಕಿದರೆ ನಮ್ಮ ಜನ ಲೋಕಾಯುಕ್ತ ದಾಳಿಯನ್ನೇ ನೆನೆಯುತ್ತಾರೆ. 'ಅಹವಾಲು ಅಧಿಕಾರಿ' ಎಂದು ಬರೆದಿದ್ದೇನೆ. ಬೇಡ ಅನ್ನುವವರು ಹೇಳಿ.

ಸದ್ಯಕ್ಕೆ ರಸ್ಟಿಕೇಟ್ ಇರುವ ಕಡೆಯೆಲ್ಲ ಪದ ಬಿಟ್ಟು ವಾಕ್ಯವನ್ನೇ ಬರೆದಿದ್ದೇನೆ: 'ಎರಡು ಸೆಮಿಸ್ಟರ್ ಕಾಲೇಜಿಗೆ ಬರುವಂತಿಲ್ಲ. ಅವು ಮುಗಿದ ಮೇಲೆ ಬಂದು ಓದು ಮುಂದುವರಿಸಬಹುದು.' ಎರಡನೆಯ ವಾಕ್ಯವನ್ನು ಯಾವ ಪತ್ರದಲ್ಲೂ ನಾನು ನೋಡಿರಲಿಲ್ಲ. ಆದರೆ ಅಧ್ಯಾಯದ ತಲೆಬರಹಕ್ಕೆ, ಅಕಾರಾದಿಗೆ ಒಂದೇ ಪದ ಬೇಕು ಎಂದು ಕಾಲೇಜಿನವರ ಹಟ.

ಕೋಲಾರ, ಚಿಕ್ಕಬಳ್ಳಾಪುರದವರು ಇಲ್ಲಿ ಇದ್ದೀರಿ. ನಿಮ್ಮ ಹಾಸ್ಟೆಲುಗಳಲ್ಲಿ, ಮನೆಯಲ್ಲಿ ತೆಲುಗು ಆಡುವ ಹುಡುಗರೂ ಸೇರಿ, ಇದಕ್ಕೆ ಏನನ್ನುತ್ತಾರೆ? 'ಊರಿಗೆ ಕಳಿಸಿದ್ರು' ಅಲ್ಲೂ ಇದೆಯೋ, ಬೇರೆ ಮಾತು ಇದೆಯೋ? ಮುಂದಿನ ಸೋಮವಾರ ಕರಡು ಕೊಡಬೇಕು.