ಒಂದೇ ಪದ, ಎರಡು ಭಾಷೆ, ಅರ್ಥ ಮಾತ್ರ ಎಲ್ಲೆಲ್ಲೋ. ಇದು ಹೇಗೆ?

ಪ್ರಶ್ನೆ: ‘ಬುರ್ರೋ’ ಅಂದ್ರೆ ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಎರಡೂ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳು, ಸ್ಪೆಲಿಂಗೂ ಒಂದೇ. ಎಲ್ಲೋ ಒಂದು ಕಡೆ ಸಂಬಂಧ ಇರಲೇಬೇಕಲ್ವಾ?

ಉತ್ತರ 1: ಇಲ್ಲ. ಬೆಣ್ಣೆಯ ಬುರ್ರೋ ಬಂದಿದ್ದು ಲ್ಯಾಟಿನ್‌ನ ‘ಬುಟೀರುಮ್’ನಿಂದ, ಇಂಗ್ಲಿಷಿನ ಬಟರ್ ಕೂಡ ಅದೇ ಬಳಗ. ಕತ್ತೆಯ ಬುರ್ರೋ ಮೂಲತಃ ಸಣ್ಣ ಕುದುರೆಗೆ ಹೇಳುತ್ತಿದ್ದ ‘ಬುರ್ರಿಕುಸ್’. ಎರಡೂ ಬಾಯಿಂದ ಬಾಯಿಗೆ ಸವೆದು ಸವೆದು ಕೊನೆಗೆ ಒಂದೇ ಥರ ಆಗಿಬಿಟ್ಟವು, ಅಷ್ಟೇ.

ಉತ್ತರ 2: ಇದರ ಉಲ್ಟಾ ಕೇಸ್ ಇನ್ನೂ ಮಜಾ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿದ್ದ ಎಂಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಅಂತಲೇ ಅನ್ನುತ್ತಿದ್ದರು. ಇಂಗ್ಲಿಷಿನಿಂದ ತಗೊಂಡಿದ್ದಲ್ಲ! ಹಳೆಯ ರೂಪ ‘ಗುಡಗ’. ಮೊದಲಕ್ಷರ ಬಿದ್ದುಹೋಗಿ, ಕೊನೆಯ ಸ್ವರವೂ ಉದುರಿ, ನಡುವಿನ ಸ್ವರ ಬದಲಾಗಿ ಹಾಗಾಯ್ತು. ಭಾಷಾವಿಜ್ಞಾನಿ ಡಿಕ್ಸನ್ ಇದನ್ನು ದಾಖಲಿಸಿದ್ದಾರೆ. ರೂಪವೂ ಅರ್ಥವೂ ಒಂದೇ, ನೆಂಟಸ್ತನ ಮಾತ್ರ ಸೊನ್ನೆ. ಪರ್ಷಿಯನ್‌ನಲ್ಲೂ ‘ಬದ್’ ಅಂದ್ರೆ ಕೆಟ್ಟದ್ದು, ಅದಕ್ಕೂ ಇಂಗ್ಲಿಷಿನ ಬ್ಯಾಡ್‌ಗೂ ಸಂಬಂಧವಿಲ್ಲ.

ಉತ್ತರ 3: ಹಾಗಂತ ಎಲ್ಲವನ್ನೂ ಸುಮ್ನೆ ಕಾಕತಾಳೀಯ ಅನ್ನಬೇಡಿ. ಜರ್ಮನ್‌ನಲ್ಲಿ ‘ಗಿಫ್ಟ್’ ಅಂದ್ರೆ ವಿಷ. ಇಂಗ್ಲಿಷಿನ ಗಿಫ್ಟ್‌ಗೂ ಅದಕ್ಕೂ ಬೇರು ಒಂದೇ, ‘ಕೊಡು’ ಅನ್ನೋದು. ಔಷಧಿಯ ಡೋಸ್ ಅನ್ನೋ ಪದಕ್ಕೂ ಗ್ರೀಕ್‌ನಲ್ಲಿ ‘ಕೊಟ್ಟದ್ದು’ ಅಂತಲೇ ಅರ್ಥ. ಕೊಟ್ಟದ್ದು ಏನು ಅನ್ನೋದರ ಮೇಲೆ ಹೋಗುತ್ತೆ!

ಪ್ರಶ್ನೆ ಕೇಳಿದವರು: ಹಾಗಾದ್ರೆ ಸ್ಪೆಲಿಂಗ್ ನಂಬೋ ಹಾಗೇ ಇಲ್ಲ, ಹಳೆಯ ರೂಪ ಹುಡುಕಲೇಬೇಕು. ಜಾರ್ಜಿಯನ್‌ನಲ್ಲಿ ‘ಮಾಮಾ’ ಅಂದ್ರೆ ಅಪ್ಪ ಅಂತೆ, ಅದು ಯಾವ ಗುಂಪಿಗೆ?

ಉತ್ತರ 2: ಅದು ಮಕ್ಕಳ ತೊದಲು. ಅದಕ್ಕೆ ಬೇರೆ ಥ್ರೆಡ್ಡೇ ಬೇಕು.