ಎಡಿಎಚ್‌ಡಿ ಇರುವ ಮಗುವನ್ನು ಹಾಸನದ ಕಡೆ ಕರೆದುಕೊಂಡು ಹೋಗುವವರಿಗೆ: ನಮ್ಮ ಒಂದು ವರ್ಷದ ಅನುಭವ

ನಿನ್ನೆ ಇಲ್ಲಿ ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಒಬ್ಬರು ಕೇಳಿದ್ದರು. "ಮುಂದಿನ ಜೂನ್‌ಗೆ ಹಾಸನಕ್ಕೆ ವಾಪಸ್ ಹೋಗ್ತಿದ್ದೀವಿ. ಮಗಳಿಗೆ 9 ವರ್ಷ, ಎಡಿಎಚ್‌ಡಿ ಇದೆ. ಇಲ್ಲಿ ಸ್ಕೂಲಲ್ಲಿ ಟ್ಯಾಬ್ಲೆಟ್, ಹೆಡ್‌ಫೋನ್, ಟೈಮರ್ ಎಲ್ಲ ಕೊಟ್ಟಿದ್ದಾರೆ. ಅಲ್ಲಿ ಇದಕ್ಕೆಲ್ಲ ಒಪ್ತಾರಾ?" ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ. ಎರಡು ಸಾಲು ಬರೆದು ಮುಗಿಸೋಣ ಅಂದುಕೊಂಡೆ. ಆಗಲಿಲ್ಲ. ಹೇಳುವುದು ಜಾಸ್ತಿ ಇದೆ, ಸ್ವಲ್ಪ ಸಮಾಧಾನವಾಗಿ ಓದಿ.

ನಾವಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಮಗನಿಗೂ ಎಡಿಎಚ್‌ಡಿ ಇದೆ. ಊರಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಅಮ್ಮ ಒಬ್ಬಳ ಕೈಯಲ್ಲಿ ತೋಟ, ಮನೆ ಎರಡೂ ಆಗುತ್ತಿರಲಿಲ್ಲ. ನಾನು ಮಗನನ್ನು ಕರೆದುಕೊಂಡು ಸಕಲೇಶಪುರದ ಹತ್ತಿರದ ತೋಟದ ಮನೆಗೆ ಹೋದೆ. ಏಪ್ರಿಲ್‌ನಲ್ಲಿ ಹೋದವರು ಮುಂದಿನ ಏಪ್ರಿಲ್‌ವರೆಗೂ ಅಲ್ಲೇ ಇದ್ದೆವು. ಮಗನಿಗೆ ಆಗ 10 ವರ್ಷ. ಪೇಟೆಯ ಒಂದು ಶಾಲೆಯಲ್ಲಿ ಐದನೇ ಕ್ಲಾಸಿಗೆ ಸೇರಿಸಿದೆವು.

ಹೋದ ಹೊಸದರಲ್ಲಿ ಬಂದವರೆಲ್ಲ ಒಂದೊಂದು ಹೇಳಿದರು. ಕಾಲಲ್ಲಿ ಚಕ್ರ ಇದೆ ಅಂದರು. ಒಬ್ಬನೇ ಮಗ ಅಂತ ಮುದ್ದು ಮಾಡಿ ಕೆಡಿಸಿದ್ದೀಯ ಅಂದರು. ದೃಷ್ಟಿ ತೆಗೆಸು ಅಂದರು. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತೆ, ಅಲ್ವಾ?

ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ. ವಸ್ತುವಿಗೆ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಅದಕ್ಕೇ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮಗಳ ಒಂದೊಂದು ವಸ್ತುವೂ ಅವಳಿಗೆ ಯಾವ ಕೆಲಸ ಮಾಡಿಕೊಡುತ್ತಿದೆ ಅಂತ ಗೊತ್ತು ಮಾಡಿಕೊಳ್ಳಿ. ಟ್ಯಾಬ್ಲೆಟ್ ಹೋದರೂ ಅದರ ಕೆಲಸ ಬೇರೆ ಯಾವುದರಿಂದಲಾದರೂ ನಡೆದರೆ ಸಾಕು. ಇದನ್ನು ನನಗೆ ಕಲಿಸಿದ್ದು ಅಪ್ಪನ ಮಳೆ ಡೈರಿ.

ನಮ್ಮ ಕಡೆ ಕಾಫಿ ತೋಟದ ಮನೆಗಳಲ್ಲಿ ದಿನಾ ಮಳೆ ಅಳೆದು ಬರೆದಿಡುವುದು ನಿಮಗೆ ಗೊತ್ತಿರುತ್ತೆ. ಇಂಚು, ಸೆಂಟಿನ ಲೆಕ್ಕ. 100 ಸೆಂಟಿಗೆ ಒಂದು ಇಂಚು. ಅಪ್ಪ ನನಗೆ ನೆನಪಿರುವಾಗಿನಿಂದ ಬರೆಯುತ್ತಿದ್ದಾರೆ. ಆಪರೇಷನ್ ಆದ ಮೇಲೆ ಅವರು ಅಂಗಳಕ್ಕೆ ಇಳಿಯುವ ಹಾಗಿರಲಿಲ್ಲ. ಕೆಲಸ ಮೊಮ್ಮಗನಿಗೆ ಬಂತು. ಅವನಿಗೆ ಎಲ್ಲಿಲ್ಲದ ಖುಷಿ. ಮೊದಲ ದಿನ 5 ಗಂಟೆಗೇ ಎದ್ದು ಕೂತ. ಎರಡನೇ ದಿನ ಮರೆತ. ಮೂರನೇ ದಿನ ರೈನ್ ಗೇಜ್ ಹತ್ತಿರ ಹೋದವನು ದಾರಿಯಲ್ಲಿ ಬಸವನಹುಳು ನೋಡುತ್ತಾ ಕೂತುಬಿಟ್ಟ. ನಾಲ್ಕನೇ ದಿನ ಅಳೆದ, ನೀರು ಚೆಲ್ಲಿದ, ಒಳಗೆ ಬರುವಷ್ಟರಲ್ಲಿ ಎಷ್ಟಿತ್ತು ಅನ್ನುವುದೇ ತಲೆಯಿಂದ ಹೋಗಿತ್ತು. ಬಾಗಿಲ ಹಿಂದೆ ನಿಂತು ಅತ್ತ. "ನಂಗೆ ಗೊತ್ತಿತ್ತು ತಾತ, ನಿಜವಾಗ್ಲೂ ಗೊತ್ತಿತ್ತು" ಅಂದ.

ಅವನು ಹೇಳಿದ್ದು ನಿಜ. ಈ ಮಕ್ಕಳಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತೆ. ಮಾಡಬೇಕಾದ ಗಳಿಗೆಯಲ್ಲಿ ಅದು ಕೈಗೆ ಬರುವುದಿಲ್ಲ. ಎಡಿಎಚ್‌ಡಿ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನೇ ಒತ್ತಿ ಹೇಳುತ್ತಾರೆ. ಈ ಮಕ್ಕಳಿಗೆ ಹೊತ್ತು ಕಾಣುವುದಿಲ್ಲ, ಒಂಥರಾ ಸಮಯದ ಕುರುಡು. ಹಾಗಾಗಿ ತಲೆಯೊಳಗೆ ನಿಲ್ಲದೇ ಇರುವುದನ್ನು ಹೊರಗೆ, ಕಣ್ಣಿಗೆ ಕಾಣುವ ಹಾಗೆ ಇಡಬೇಕು. ಅದೂ ಕೆಲಸ ನಡೆಯುವ ಜಾಗದಲ್ಲೇ ಇಡಬೇಕು.

ಅಪ್ಪ ಅವತ್ತು ಬೈಯಲಿಲ್ಲ. ಸಂಜೆ ವಾಕರ್ ಹಿಡಿದುಕೊಂಡು ಜಗಲಿಗೆ ಬಂದರು. ಡೈರಿಗೆ ತೂತು ಹಾಕಿಸಿ ಹುರಿ ಕಟ್ಟಿಸಿದರು. ಬಾಗಿಲ ಪಕ್ಕ ಟಾರ್ಚ್ ನೇತು ಹಾಕುವ ಮೊಳೆಗೆ ಅದನ್ನು ಹಾಕಿಸಿದರು. ಒದ್ದೆ ಕೈಯಲ್ಲಿ ಬರೆದರೂ ಅಳಿಸದ ಹಾಗೆ ಅದಕ್ಕೇ ಒಂದು ಪೆನ್ಸಿಲ್ ಕಟ್ಟಿಸಿದರು. ಅಳತೆ ಗ್ಲಾಸನ್ನು ಹುಡುಗನ ಗಂಬೂಟಿನ ಒಳಗೆ ಇಡಿಸಿದರು. ಬೂಟು ಹಾಕಬೇಕಾದರೆ ಗ್ಲಾಸು ಕೈಗೆ ಬರಲೇಬೇಕು. "ಗ್ಲಾಸು ನೀರು ಸಮೇತ ಜಗಲಿಗೆ ತತ್ತೀಯ, ನೋಡಿ ಬರೀತೀಯ, ಆಮೇಲೆ ಚೆಲ್ತೀಯ. ಅಷ್ಟೇ ಕಣೋ ಮಗ" ಅಂದರು. ನಾನು ಸೇರಿಸಿದ್ದು ಒಂದೇ, ಅವನ ಕೈಗಡಿಯಾರ. ಸದ್ದು ಮಾಡದೆ ಮಣಿಕಟ್ಟಿಗೆ ನಡುಗುವಂಥದ್ದು. 7.30ಕ್ಕೆ ನಡುಗುವ ಹಾಗೆ ಇಟ್ಟೆ. ಆ ಮಳೆಗಾಲದ ಡೈರಿ ನನ್ನ ಹತ್ತಿರ ಫೋಟೋದಲ್ಲಿದೆ. ಜುಲೈನಲ್ಲಿ ಎರಡು ದಿನ ಖಾಲಿ, ಆಗಸ್ಟ್‌ನಲ್ಲಿ ಒಂದು ದಿನ. ಮಿಕ್ಕಿದ್ದೆಲ್ಲ ಅವನ ಸೊಟ್ಟ ಅಕ್ಷರದಲ್ಲಿ ತುಂಬಿದೆ.

ಅಡುಗೆ ಮನೆಯಲ್ಲಿ ಟೈಮರ್ ಕೂತಿತು. ಟೈಮ್ ಟೈಮರ್ ಅಂತ ಬರುತ್ತಲ್ಲ, ಕೆಂಪು ಬಿಲ್ಲೆ ಇರುವುದು, ಅದು. ಹೊತ್ತು ಕಳೆದ ಹಾಗೆ ಕೆಂಪು ಕರಗುತ್ತಾ ಹೋಗುತ್ತೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಜ್ಯಾನ್ ರೋಜರ್ಸ್ ಅನ್ನುವ ತಾಯಿ ತನ್ನ ಪುಟ್ಟ ಮಗಳಿಗೆ "ಇನ್ನೂ ಎಷ್ಟೊತ್ತು" ಅನ್ನುವುದು ಅರ್ಥವಾಗಲಿ ಅಂತ ಮಾಡಿದ್ದು. ಅಮ್ಮನಿಗೆ ಇದು ಒಂದೇ ದಿನದಲ್ಲಿ ಒಗ್ಗಿಹೋಯಿತು. ರೊಟ್ಟಿ ಹೆಂಚಿನ ಪಕ್ಕ ಇಟ್ಟುಕೊಂಡು, "ಕೆಂಪು ಅರ್ಧ ಆಗೋಷ್ಟರಲ್ಲಿ ಸ್ನಾನ ಮುಗ್ದಿರಬೇಕು, ಪೂರ್ತಿ ಹೋಗೋಷ್ಟರಲ್ಲಿ ತಟ್ಟೆ ಮುಂದೆ ಕೂತಿರಬೇಕು" ಅನ್ನುತ್ತಿದ್ದಳು. ಮುಂಚೆ ಬೆಳಿಗ್ಗೆ ಇಪ್ಪತ್ತು ಸಲ ಹೆಸರು ಹಿಡಿದು ಕೂಗಬೇಕಿತ್ತು. ಆ ಕೂಗಾಟ ನಿಂತಿದ್ದರಿಂದಲೇ ಮನೆಯಲ್ಲಿ ಎಲ್ಲರ ಮುಖ ಬೇರೆ ಆಯಿತು.

ಈಗ ಶಾಲೆ ವಿಷಯ. ಇದು ಸಲೀಸಾಗಿರಲಿಲ್ಲ.

ಮೊದಲ ವಾರವೇ ಸದ್ದು ತಡೆಯುವ ಹೆಡ್‌ಫೋನ್ ಕಿತ್ತುಕೊಂಡು ಸ್ಟಾಫ್ ರೂಮಿನಲ್ಲಿಟ್ಟರು. ಹುಡುಗ ಹಾಡು ಕೇಳುತ್ತಿದ್ದಾನೆ ಅಂದುಕೊಂಡರಂತೆ. ಟ್ಯಾಬ್ಲೆಟ್ ಅಂತೂ ಗೇಟಿನೊಳಗೇ ಬೇಡ ಅಂದರು. ನನಗೆ ಹೊಟ್ಟೆ ಉರಿಯಿತು. ನ್ಯೂಜೆರ್ಸಿಯ ಶಾಲೆಯಲ್ಲಿ ಇದೆಲ್ಲ ಅವನ ಹಕ್ಕು. ಅಲ್ಲಿನ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಪ್ರಕಾರ, ಶಾಲೆ ಅವನಿಗೆ ಏನೇನು ಅನುಕೂಲ ಮಾಡಿಕೊಡಬೇಕು ಅಂತ ಬರೆದು ಕೊಟ್ಟ ಪ್ಲಾನ್ ಇತ್ತು. ಆ ಕಾಗದ ಹಿಡಿದು ಜಗಳಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಅಮೆರಿಕದ ಕಾನೂನು ಊರಲ್ಲಿ ನಡೆಯುವುದಿಲ್ಲ.

ಎರಡು ದಿನ ಬಿಟ್ಟು ಕ್ಲಾಸ್ ಟೀಚರ್ ಹತ್ತಿರ ಹೋಗಿ ಕೂತೆ. ಕನ್ನಡದಲ್ಲಿ ಒಂದು ಪುಟ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ರೋಗದ ಹೆಸರು ಕೊನೆಗಿತ್ತು. ಮೊದಲಿಗೆ ಅವನಿಗೆ ಏನು ಕಷ್ಟ, ಏನು ಮಾಡಿದರೆ ಸಲೀಸು ಅಂತ ಇತ್ತು. ಬೋರ್ಡ್ ನೋಡಿ ಬರೆದುಕೊಳ್ಳುವಾಗ ಸಾಲು ತಪ್ಪುತ್ತೆ. ಒಂದೇ ಸಲ ನಾಲ್ಕು ಕೆಲಸ ಹೇಳಿದರೆ ಕೊನೆಯದು ಮಾತ್ರ ಉಳಿಯುತ್ತೆ. ಕಿಟಕಿ ಪಕ್ಕ ಕೂತರೆ ಮನಸ್ಸು ಹೊರಗಿರುತ್ತೆ. ಆ ಟೀಚರ್ ಪೂರ್ತಿ ಓದಿದರು. 46 ಮಕ್ಕಳಿರುವ ಕ್ಲಾಸು ಅವರದು. ಆದರೂ ಮರುದಿನವೇ ಅವನನ್ನು ಕಿಟಕಿಯಿಂದ ದೂರ, ಮುಂದಿನ ಬೆಂಚಿಗೆ ಕೂರಿಸಿದರು. ಬೋರ್ಡಿನ ಮೂಲೆಯಲ್ಲಿ ಅವತ್ತಿನ ಕೆಲಸ ಬರೆದು, ಮುಗಿದ ಹಾಗೆ ಗೀಟು ಹಾಕುವುದು ಶುರು ಮಾಡಿದರು. ಅದು ಎಲ್ಲ ಮಕ್ಕಳಿಗೂ ಹಿಡಿಸಿತು.

ಟ್ಯಾಬ್ಲೆಟ್‌ನಲ್ಲಿ ಅವನು ಜಾಸ್ತಿ ಬಳಸುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಇಮ್ಮರ್ಸಿವ್ ರೀಡರ್. ಪುಟದಲ್ಲಿ ಒಂದೋ, ಮೂರೋ, ಐದೋ ಸಾಲು ಮಾತ್ರ ಕಾಣಿಸಿ ಮಿಕ್ಕಿದ್ದನ್ನು ಮಬ್ಬು ಮಾಡುತ್ತೆ. ಅದು ಮಾಡುವ ಕೆಲಸ ಏನು? ಬೇರೆ ಸಾಲು ಮುಚ್ಚುವುದು. ನಾನೊಂದು ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ತಗೊಂಡು ಮಧ್ಯೆ ಮೂರು ಸಾಲಿನಷ್ಟು ಕಿಂಡಿ ಕತ್ತರಿಸಿ ಕೊಟ್ಟೆ. ಪುಸ್ತಕದ ಮೇಲೆ ಜಾರಿಸಿಕೊಂಡು ಓದಿದ. ಯಾರೂ ಕಿತ್ತುಕೊಳ್ಳಲಿಲ್ಲ. ಹೆಡ್‌ಫೋನ್ ಬದಲು ಪರೀಕ್ಷೆ ಹೊತ್ತಿಗೆ ಕಿವಿಗೆ ಮೃದುವಾದ ಇಯರ್ ಪ್ಲಗ್. ಮನೆಯಲ್ಲಿ ಓದುವಾಗ ಮಾತ್ರ ಕಳೆ ಹೊಡೆಯುವ ಮಿಷನ್ ಓಡಿಸುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಆ ಮಫ್. ಹಾಸನದಲ್ಲಿ ಕೃಷಿ ಯಂತ್ರ ಮಾರುವ ಅಂಗಡಿಯಲ್ಲಿ ಸಿಕ್ಕಿತು. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೂ ಅದೇ ಆಯಿತು.

ಕನ್ನಡದ ಬಗ್ಗೆ ಒಂದು ಮಾತು, ಯಾಕಂದರೆ ಇದು ನಮ್ಮ ಮಕ್ಕಳೆಲ್ಲರಿಗೂ ಬರುತ್ತೆ. 2015ರ ಕನ್ನಡ ಕಲಿಕಾ ಕಾಯ್ದೆಯಿಂದ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ನಮ್ಮವನು ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಓದುವಾಗ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾನೆ. ಅಷ್ಟರಲ್ಲಿ ಗಮನ ಹೋಗಿರುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಬರಹವನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಇದೆ. ಸಂಜೆ ಪಾಠವನ್ನು ಅದರಲ್ಲಿ ಹಾಕಿ, ಅವನು ಬೆರಳಿಟ್ಟು ಜೊತೆಗೇ ಓದುತ್ತಿದ್ದ. ಬರೆಯುವುದಕ್ಕೆ ಗೂಗಲ್ ಧ್ವನಿ ಟೈಪಿಂಗ್. 2017ರಿಂದ ಅದಕ್ಕೆ ಕನ್ನಡ ಬರುತ್ತೆ. ಪ್ರಬಂಧ ಅಂದರೆ ಓಡುತ್ತಿದ್ದ ಹುಡುಗ ಹೇಮಾವತಿ ಹೊಳೆ ತುಂಬಿದ್ದರ ಬಗ್ಗೆ ಜಗಲಿಯಲ್ಲಿ ಅತ್ತಿತ್ತ ಓಡಾಡುತ್ತಾ ಒಂದೂವರೆ ಪುಟ ಹೇಳಿದ. ಆಮೇಲೆ ಅದನ್ನು ನೋಡಿಕೊಂಡು ಕೈಯಲ್ಲಿ ಬರೆದ. ಅವನು ಓಡುತ್ತಿದ್ದದ್ದು ತಲೆಯಲ್ಲಿ ಕಥೆ ಇಲ್ಲ ಅಂತಲ್ಲ. ಕಥೆ ಕಟ್ಟುವುದು, ಅಕ್ಷರ ಮೂಡಿಸುವುದು ಎರಡನ್ನೂ ಒಟ್ಟಿಗೆ ಮಾಡಲು ಆಗುತ್ತಿರಲಿಲ್ಲ.

ಫೋನ್ ಕೊಟ್ಟರೆ ಆಟಕ್ಕೆ ಇಳಿಯುವುದಿಲ್ಲವಾ ಅಂತ ಕೇಳುತ್ತೀರಿ. ಇಳಿಯುತ್ತಾರೆ. ಐಫೋನ್, ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಇದೆ, ಒಂದೇ ಆ್ಯಪ್‌ನಲ್ಲಿ ಕಟ್ಟಿ ಹಾಕುತ್ತೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡಬಹುದು. ಮೊದಲು ಅದನ್ನು ಕಲಿತುಕೊಂಡು ಆಮೇಲೆ ಕೈಗೆ ಕೊಡಿ.

ಗುಂಪಿನಲ್ಲಿ ಹಿಂದೊಮ್ಮೆ ಎಡಿಎಚ್‌ಡಿಗೆ ಅಂತಲೇ ಮಾಡಿದ ವಿಡಿಯೋ ಗೇಮ್ ಬಗ್ಗೆ ಚರ್ಚೆ ಬಂದಿತ್ತು. ಎಂಡೆವರ್ ಆರ್‌ಎಕ್ಸ್ ಅಂತ, 2020ರಲ್ಲಿ ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 8ರಿಂದ 12 ವರ್ಷದ ಮಕ್ಕಳಿಗೆ ಒಪ್ಪಿಗೆ ಕೊಟ್ಟಿತು. ಅದು ಬೇರೆ ಚಿಕಿತ್ಸೆಯ ಜೊತೆಗೆ ಬಳಸಲಿಕ್ಕೆ ಮಾಡಿದ್ದು. ನನಗಂತೂ ಮೊಳೆಗೆ ಕಟ್ಟಿದ ಪೆನ್ಸಿಲ್ ಮೇಲೆ ನಂಬಿಕೆ ಜಾಸ್ತಿ. ಹಾಗಂತ ಯಾವ ವಸ್ತುವೂ ಡಾಕ್ಟರ ಜಾಗಕ್ಕೆ ಬರುವುದಿಲ್ಲ. ಮಾತ್ರೆ ನಡೆಯುತ್ತಿದ್ದರೆ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಅಮೆರಿಕದಲ್ಲಿ ಎಡಿಎಚ್‌ಡಿಗೆ ಕೊಡುವ ಅಡೆರಾಲ್‌ನಂಥ ಮಾತ್ರೆ ಭಾರತದಲ್ಲಿ ಮಾರುವುದಿಲ್ಲ. ಮೀಥೈಲ್‌ಫೆನಿಡೇಟ್ ಅನ್ನುವ ಇನ್ನೊಂದು ಮಾತ್ರೆ ಇದೆ, ಆದರೆ ನಮಗೆ ಹತ್ತಿರದಲ್ಲಿ ಸಿಗದೆ ಬೆಂಗಳೂರಿಂದ ತರಬೇಕಾಯಿತು.

ಮಲೆನಾಡಿನ ಮಳೆಗಾಲವನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ಹಾಸನ ಪೇಟೆಯಲ್ಲಿ ಇಷ್ಟು ಕಷ್ಟ ಇರಲಿಕ್ಕಿಲ್ಲ. ಆದರೂ ಸೆಲ್ ಹಾಕುವ ಟೈಮರ್ ತಗೊಳ್ಳಿ. ಇಂಟರ್‌ನೆಟ್ ಇಲ್ಲದೆ ನಡೆಯುವ ಧ್ವನಿ ಫೈಲುಗಳನ್ನು ಮೊದಲೇ ಇಳಿಸಿಕೊಳ್ಳಿ. ಅಮೆರಿಕದಿಂದ ತರುವ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಇಲ್ಲಿ 120 ವೋಲ್ಟ್, ಊರಲ್ಲಿ 230.

ಕಾಗದ ಪತ್ರ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ 21 ಬಗೆ ಇವೆ. ಕಲಿಕಾ ನ್ಯೂನತೆ ಅದರಲ್ಲಿದೆ, ಆಟಿಸಂ ಇದೆ. ಎಡಿಎಚ್‌ಡಿ ಹೆಸರು ಬೇರೆಯಾಗಿ ಇಲ್ಲ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಓದು, ಬರಹದ ತೊಂದರೆಯೂ ಜೊತೆಗಿರುತ್ತೆ. ನಿಮ್ಮ ಮಗಳಿಗೆ ಹಾಗೇನಾದರೂ ಇದ್ದರೆ ಅದಕ್ಕೂ ಪರೀಕ್ಷೆ ಮಾಡಿಸಿ. ಆ ಸರ್ಟಿಫಿಕೇಟ್ ಇದ್ದರೆ ಸಿಬಿಎಸ್‌ಇಯಲ್ಲಿ 3 ಗಂಟೆಯ ಪರೀಕ್ಷೆಗೆ 60 ನಿಮಿಷ ಜಾಸ್ತಿ ಸಿಗುತ್ತೆ. ಹತ್ತನೇ ಕ್ಲಾಸು ದೂರ ಇದೆ ಅನ್ನಿಸಬಹುದು, ಆದರೆ ಕಾಗದ ಮಾಡಿಸುವುದಕ್ಕೆ ಹೊತ್ತು ಹಿಡಿಯುತ್ತೆ. ನಾವು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಂದೆವು. ಹಾಸನದಿಂದ 185 ಕಿಲೋಮೀಟರ್ ಆಸುಪಾಸು. ಮಗುವನ್ನು ಕರೆದುಕೊಂಡು ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ, ರಾತ್ರಿ ಅಲ್ಲೇ ಉಳಿಯಿರಿ.

ಜೂನ್‌ಗೆ ಹೋಗುವುದಾದರೆ ಇಲ್ಲಿನ ಶಾಲೆಯಿಂದ ರಿಪೋರ್ಟು, ಪ್ಲಾನು ಎರಡನ್ನೂ ಸಹಿ ಸಮೇತ ಈಗಲೇ ಕೇಳಿ ಇಟ್ಟುಕೊಳ್ಳಿ. ಬೇಸಿಗೆ ರಜೆ ಶುರುವಾದರೆ ಕೊಡುವವರು ಸಿಗುವುದಿಲ್ಲ. ನಾನು ಟೀಚರ್‌ಗೆ ಕೊಟ್ಟ ಆ ಒಂದು ಪುಟದ ಕನ್ನಡ ಪತ್ರ ನನ್ನ ಹತ್ತಿರ ಹಾಗೇ ಇದೆ. ನಿಮಗೆ ಇವತ್ತು ರಾತ್ರಿ ಕಳಿಸುತ್ತೇನೆ. ಕಿಟಕಿ, ಬೆಂಚು, ಬೋರ್ಡ್ ವಿಷಯವನ್ನೆಲ್ಲ ಮಗಳಿಗೆ ಸರಿಯಾಗಿ ಬದಲಾಯಿಸಿಕೊಳ್ಳಿ. ಬದಲಾಯಿಸುವಾಗ ಅವಳನ್ನೇ ಪಕ್ಕ ಕೂರಿಸಿಕೊಳ್ಳಿ. ನನ್ನ ಪತ್ರದಲ್ಲಿ "ಒಂದೇ ಸಲ ನಾಲ್ಕು ಕೆಲಸ ಹೇಳಿದರೆ ಕೊನೆಯದು ಮಾತ್ರ ಉಳಿಯುತ್ತೆ" ಅನ್ನುವ ಸಾಲು ಇದೆಯಲ್ಲ, ಅದು ಮಗನೇ ಹೇಳಿ ಬರೆಸಿದ್ದು.