ಚಾರ್ಟಿನಲ್ಲಿ ದೂರ ಅಳೆಯುವುದು ಯಾವ ಅಂಚಿನಲ್ಲಿ?

ಪ್ರಶ್ನೆ: ಕಾರವಾರದ ಚಾರ್ಟಿನಲ್ಲಿ (ಸಮುದ್ರಯಾನದ ನಕ್ಷೆ) ಡಿವೈಡರ್ ಇಟ್ಟು ದಾರಿ ಅಳೆದರೆ ಪಕ್ಕದ ಅಂಚಿನಲ್ಲಿ 10, ಕೆಳಗಿನ ಅಂಚಿನಲ್ಲಿ 10.3 ಬರುತ್ತಿದೆ. ಯಾವುದು ಸರಿ?

ಉತ್ತರ 1: ಪಕ್ಕದ್ದೇ ಮಾರಾಯ್ರೆ. ಅಲ್ಲಿರುವುದು ಅಕ್ಷಾಂಶ, ಕೆಳಗಿನದು ರೇಖಾಂಶ. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ 60ನೇ ಒಂದು ಭಾಗ) ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ರೇಖಾಂಶದ ಗೆರೆಗಳು ಧ್ರುವದತ್ತ ಹತ್ತಿರವಾಗುತ್ತಾ ಹೋಗುತ್ತವೆ. ಕಾರವಾರದಲ್ಲಿ ಅದರ ಮಿನಿಟು ಸುಮಾರು 1,795 ಮೀಟರ್ ಅಷ್ಟೇ.

ಉತ್ತರ 2: ಡಿವೈಡರನ್ನು ನಿಮ್ಮ ದಾರಿ ಇರುವ ಅಕ್ಷಾಂಶದ ನೇರಕ್ಕೇ ಪಕ್ಕದ ಅಂಚಿಗೆ ಒಯ್ಯಿರಿ. ಮರ್ಕೇಟರ್ ಚಾರ್ಟಿನಲ್ಲಿ (ರೇಖಾಂಶದ ಗೆರೆಗಳನ್ನು ಸಮಾನಾಂತರವಾಗಿ ಎಳೆದದ್ದು) ಉತ್ತರಕ್ಕೆ ಹೋದಂತೆ ಸ್ಕೇಲು ಹಿಗ್ಗುತ್ತದೆ. ಬಂದರಿನ ಚಾರ್ಟಲ್ಲಿ ಗೊತ್ತಾಗದು, ಇಡೀ ಪಶ್ಚಿಮ ಕರಾವಳಿಯದ್ದರಲ್ಲಿ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಈ 10 ಮೈಲಿಗೆ ಗಂಟೆಗೆ 6 ನಾಟ್‌ನಲ್ಲಿ 1 ಗಂಟೆ 40 ನಿಮಿಷ?

ಉತ್ತರ 1: ಹೌದು. ಎದುರಿನಿಂದ 1 ನಾಟ್ ಸೆಳೆತವಿದ್ದರೆ ಮಾತ್ರ ಪೂರಾ ಎರಡು ಗಂಟೆ. ಅಂದಹಾಗೆ, 'ಗಂಟೆಗೆ ನಾಟ್' ಅನ್ನಬೇಡಿ. ನಾಟ್ ಎಂದರೇ ಗಂಟೆಗೊಂದು ನಾಟಿಕಲ್ ಮೈಲು.